ಮರುದಿನವೂ ಬರುವ ಪ್ರೀತಿ

ದಾದಿಯರ ದಿನದ ಭಾನುವಾರದ ಧರ್ಮೋಪದೇಶ
ವಾಕ್ಯಭಾಗ: ಲೂಕನ ಸುವಾರ್ತೆ 10ನೇ ಅಧ್ಯಾಯ, 25ರಿಂದ 37ನೇ ವಚನಗಳು



ಈಗ ಓದಿದ ಸುವಾರ್ತೆಯ ಭಾಗ ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿಪಾಠ. ಸಂಡೇ ಸ್ಕೂಲಿನ ಮಕ್ಕಳು ಇದನ್ನು ನಾಟಕ ಮಾಡಿ ಆಡುತ್ತಾರೆ. ಒಬ್ಬ ಹುಡುಗ ನೆಲದ ಮೇಲೆ ಬಿದ್ದು ನರಳುತ್ತಾನೆ. ಯಾಜಕ ಓರೆಯಾಗಿ ದಾಟಿ ಹೋಗುತ್ತಾನೆ, ಲೇವಿಯ ಇಣುಕಿ ನೋಡಿ ಹೋಗುತ್ತಾನೆ, ಕಡೆಗೆ ಸಮಾರ್ಯದವನು ಬಂದು ಗಾಯಕ್ಕೆ ಬಟ್ಟೆ ಸುತ್ತುತ್ತಾನೆ. ಅಲ್ಲಿಗೆ ಚಪ್ಪಾಳೆ ಬೀಳುತ್ತದೆ, ನಾಟಕ ಮುಗಿಯುತ್ತದೆ.

ಕರ್ತನು ಮಾತ್ರ ಕಥೆಯನ್ನು ಅಲ್ಲಿಗೆ ಮುಗಿಸಲಿಲ್ಲ. ಆ ಸಮಾರ್ಯದವನು ಗಾಯಾಳುವನ್ನು ತನ್ನ ವಾಹನದ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದೊಯ್ದ. ಅಲ್ಲಿ ಅವನ ಆರೈಕೆ ಮಾಡಿದ. ಬೆಳಗಾದ ಮೇಲೆ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇವನನ್ನು ನೋಡಿಕೊಳ್ಳಬೇಕೆಂದೂ ಇದಕ್ಕಿಂತ ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುವುದಾಗಿಯೂ ಹೇಳಿ ಹೊರಟ. ಆ ಕಾಲದಲ್ಲಿ ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ದುಡಿಮೆ. ಹೀಗೆ ಗುರುತು ಪರಿಚಯ ಇಲ್ಲದ ಒಬ್ಬನಿಗಾಗಿ ಅವನು ತನ್ನ ರಾತ್ರಿಯನ್ನು ಕೊಟ್ಟ, ಎರಡು ದಿನದ ಕೂಲಿ ಕೊಟ್ಟ, ತಿರುಗಿ ಬರುವ ಮಾತನ್ನೂ ಕೊಟ್ಟ.

ನಾಟಕದಲ್ಲಿ ಬಿಟ್ಟುಹೋಗುವುದು ಈ ಭಾಗ. ನಮ್ಮ ಬದುಕಿನಲ್ಲಿ ಬಿಟ್ಟುಹೋಗುವುದೂ ಇದೇ. ಸಭೆಯಲ್ಲಿ ಒಬ್ಬರಿಗೆ ಕಾಯಿಲೆಯೆಂದರೆ ಏನಾಗುತ್ತದೆಂದು ನೋಡಿ. ಆಪರೇಷನ್ ಆದ ದಿನ ವಾರ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬ್ರೆಡ್ಡು, ಮೂಸಂಬಿ, ಎಳನೀರು, ಹಾರ್ಲಿಕ್ಸ್ ಬಾಟಲಿಗಳಿಂದ ಮಂಚದ ಪಕ್ಕದ ಕಪಾಟು ತುಂಬುತ್ತದೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೊದಲ ಭಾನುವಾರ ನಾಲ್ಕು ಜನ ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರೆ. ಮೂರನೇ ವಾರ? ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿ, ಬೆಡ್‌ಪ್ಯಾನ್ ತೊಳೆದು, ಹೊತ್ತುಹೊತ್ತಿಗೆ ಮಾತ್ರೆ ಎಣಿಸಿ ಕೊಟ್ಟು, ರಾತ್ರಿ ಎರಡು ಸಲ ಎದ್ದು ಕೂರುವ ಹೆಂಡತಿಯೋ ಸೊಸೆಯೋ ಆಗ ಒಬ್ಬಳೇ. ನಮ್ಮ ಕನಿಕರ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಆಯುಸ್ಸು ಕಡಿಮೆ. ಇವತ್ತಿನ ವಾಕ್ಯ ನಮ್ಮ ಮುಂದೆ ಇಡುವ ಪ್ರಶ್ನೆ ಇಷ್ಟೇ: ಮೊದಲ ದಿನ ಕರಗಿದ ಮನಸ್ಸು ಮರುದಿನ ಏನು ಮಾಡುತ್ತದೆ?

ಈ ಪ್ರಶ್ನೆಗೆ ತೊಂಬತ್ತು ವರ್ಷ ಬಾಳಿ ಉತ್ತರ ಕೊಟ್ಟ ಒಬ್ಬ ದಾದಿಯನ್ನು ಇವತ್ತು ನೆನೆಯೋಣ. ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಲೋಕವೆಲ್ಲ ದಾದಿಯರ ದಿನವೆಂದು ಆಚರಿಸುವುದು ಅದನ್ನೇ. ಕೈಯಲ್ಲಿ ದೀಪ ಹಿಡಿದು ಗಾಯಾಳು ಸಿಪಾಯಿಗಳ ನಡುವೆ ನಡೆಯುವ ಅವರ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ಕಂಡಿದ್ದೇವೆ. ನರ್ಸಿಂಗ್ ಓದುವ ನಮ್ಮ ಹೆಣ್ಣುಮಕ್ಕಳು ಬಿಳಿ ಸಮವಸ್ತ್ರ ತೊಟ್ಟು ದೀಪ ಹಚ್ಚಿ ಪ್ರತಿಜ್ಞೆ ಮಾಡುವಾಗ ಅವರ ಹೆಸರು ಕೇಳಿದ್ದೇವೆ. ಆದರೆ ಆ ದೀಪದ ಕಾಲ ಅವರ ಆಯುಸ್ಸಿನಲ್ಲಿ ಎರಡು ವರ್ಷಕ್ಕಿಂತ ಕಡಿಮೆ. ಉಳಿದ ಕಾಲದಲ್ಲಿ ಅವರು ಏನು ಮಾಡಿದರೆಂಬುದನ್ನು ನಾವು ಅಷ್ಟಾಗಿ ಕೇಳಿಲ್ಲ.

ಅವರು 1820ರಲ್ಲಿ ಇಟಲಿಯ ಫ್ಲಾರೆನ್ಸ್ ಊರಿನಲ್ಲಿ, ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದರು. ಊರಿನ ಹೆಸರೇ ಮಗುವಿಗೂ ಬಂತು. 1837ರ ಫೆಬ್ರವರಿ 7ರಂದು ದೇವರು ತನ್ನನ್ನು ಸೇವೆಗೆ ಕರೆದನೆಂದು ಅವರು ಬರೆದಿಟ್ಟಿದ್ದಾರೆ. ಆಗ ವಯಸ್ಸು ಹದಿನಾರು. ಯಾವ ಸೇವೆ, ಎಲ್ಲಿ ಎಂಬುದು ಅವರಿಗೇ ತಿಳಿದಿರಲಿಲ್ಲ. ಊರಿನ ಬಡವರ ಗುಡಿಸಲುಗಳಿಗೆ ಹೋಗಿ ಕಾಯಿಲೆಯವರ ಹತ್ತಿರ ಕೂರುತ್ತಿದ್ದ ಹುಡುಗಿಗೆ ಬರಬರುತ್ತಾ ಅದು ರೋಗಿಗಳ ಸೇವೆಯೇ ಎಂದು ಮನವರಿಕೆಯಾಯಿತು. ಮನೆಯವರು ಒಪ್ಪಲಿಲ್ಲ. ಆಗಿನ ಕಾಲಕ್ಕೆ ದಾದಿಯ ಕೆಲಸವೆಂದರೆ ಗತಿಯಿಲ್ಲದವರು ಹೊಟ್ಟೆಪಾಡಿಗೆ ಮಾಡುವ ಕೆಲಸ. ದೊಡ್ಡ ಮನೆಯ ಮಗಳಿಗೆ ತಕ್ಕದ್ದಲ್ಲ. ಬಂದ ಸಂಬಂಧಗಳನ್ನು ಅವರು ಒಲ್ಲೆನೆಂದರು. ಮನೆಯವರು ಅವರ ಹಂಬಲಕ್ಕೆ ಒಲ್ಲೆವೆಂದರು.

ಆ ಕಾಯುವ ಕಾಲದಲ್ಲಿ ಅವರಿಗೆ ಬಾಗಿಲು ತೆರೆದದ್ದು ಒಂದು ಸಭಾಸೇವೆಯ ಮನೆ. ಜರ್ಮನಿಯ ರೈನ್ ನದಿಯ ದಡದ ಕೈಸರ್ಸ್‌ವೆರ್ತ್‌ನಲ್ಲಿ ಪಾಸ್ಟರ್ ಥಿಯೋಡೋರ್ ಫ್ಲೀಡ್ನರ್ ಅವರು 1836ರಲ್ಲಿ ದೀಕನಿಸ್, ಅಂದರೆ ಸಭೆಯ ಸೇವಕಿಯರ, ಸೇವೆಯನ್ನು ಹೊಸದಾಗಿ ಕಟ್ಟಿದ್ದರು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಪೌಲನು ಹೆಸರಿಸಿ ಕೊಂಡಾಡುವ ಫೊಯಿಬೆ ಅವರಿಗೆ ಮಾದರಿ. ನೈಟಿಂಗೇಲ್ 1850ರಲ್ಲಿ ಅಲ್ಲಿಗೆ ಭೇಟಿ ಕೊಟ್ಟರು. ಮರುವರ್ಷ ಮೂರು ತಿಂಗಳು ಅಲ್ಲೇ ಇದ್ದು ಕಲಿತರು. ಬೆಳಗಿನ ಜಾವ ಐದಕ್ಕೆ ಏಳುವುದು, ಸಪ್ಪೆ ಗಂಜಿ, ರೋಗಿಗಳ ಆರೈಕೆ, ಅನಾಥ ಮಕ್ಕಳ ಪಾಲನೆ, ವಾಕ್ಯ ಓದುವುದು. ಆಳುಕಾಳುಗಳ ನಡುವೆ ಬೆಳೆದವರಿಗೆ ಅಲ್ಲಿ ಮನಸ್ಸು ತುಂಬಿ ಬಂತು. ಕಡೆಗೆ 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಕರೆ ಕೇಳಿದ್ದಕ್ಕೂ ಕೆಲಸ ಸಿಕ್ಕಿದ್ದಕ್ಕೂ ನಡುವೆ ಹದಿನಾರು ವರ್ಷ. ಪ್ರಾರ್ಥನೆ ಮಾಡಿ ಹದಿನಾರು ದಿನಕ್ಕೆ ಬೇಸರಪಡುವ ನಾವು ಈ ಲೆಕ್ಕವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು.

ಮರುವರ್ಷ ಇಂಗ್ಲೆಂಡ್ ಕ್ರಿಮಿಯನ್ ಯುದ್ಧಕ್ಕೆ ಇಳಿಯಿತು. 1854ರ ಅಕ್ಟೋಬರ್ 21ರಂದು ಮೂವತ್ತೆಂಟು ಮಂದಿ ಹೆಂಗಸರನ್ನು ಕರೆದುಕೊಂಡು ಅವರು ಲಂಡನ್ ಬಿಟ್ಟರು. ನವೆಂಬರ್ 4ಕ್ಕೆ ಕಾನ್‌ಸ್ಟಾಂಟಿನೋಪಲ್ ಎದುರಿನ ಸ್ಕುಟಾರಿಯ ಮಿಲಿಟರಿ ಆಸ್ಪತ್ರೆಗೆ ಬಂದಿಳಿದರು. ಡಾಕ್ಟರುಗಳಿಗೆ ಅವರು ಬೇಡವಾಗಿದ್ದರು. ನೈಟಿಂಗೇಲ್ ಜಗಳಕ್ಕಿಳಿಯಲಿಲ್ಲ. ಕರೆಯುವ ತನಕ ವಾರ್ಡಿಗೆ ಕಾಲಿಡಬಾರದೆಂದು ತಮ್ಮವರಿಗೆ ಹೇಳಿ, ಬಟ್ಟೆ ಹೊಲಿಯುತ್ತಾ ಕೂತರು. ದಿನಗಳಲ್ಲೇ ಇಂಕರ್‌ಮನ್ ಯುದ್ಧದ ಗಾಯಾಳುಗಳು ಹಡಗು ಹಡಗಾಗಿ ಬಂದರು. ಆಗ ಡಾಕ್ಟರುಗಳೇ ಕರೆದರು. ರಕ್ತ, ಕೀವು, ಹೇನು ಹತ್ತಿದ ಅಂಗಿಗಳು ರಾಶಿ ಬಿದ್ದಿದ್ದವು. ಒಂದು ಮನೆ ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿ, ಸಿಪಾಯಿಗಳ ಹೆಂಡಿರನ್ನು ಕೂಲಿಗೆ ಕರೆದು ಬಟ್ಟೆ ಒಗೆಸಿದರು. ಹಾಸಿಗೆಗಳ ಸಾಲು ಮೈಲಿಗಟ್ಟಲೆ ಇತ್ತು. ರಾತ್ರಿ ದೀಪ ಹಿಡಿದು ಅದರ ನಡುವೆ ನಡೆದರು. ಸತ್ತವರ ತಾಯಂದಿರಿಗೆ, ಹೆಂಡಿರಿಗೆ ಕೂತು ಕಾಗದ ಬರೆದರು. ಪತ್ರಿಕೆಗಳು ಅವರ ಚಿತ್ರ ಅಚ್ಚು ಹಾಕಿದವು. ಇಂಗ್ಲೆಂಡಿನ ಮನೆಮನೆಯಲ್ಲೂ ಅವರ ಹೆಸರಾಯಿತು.

ಆದರೆ ಆ ದೀಪದ ಬೆಳಕಿನಲ್ಲೇ ಸಿಪಾಯಿಗಳು ಸಾಯುತ್ತಿದ್ದರು. 1855ರ ಫೆಬ್ರವರಿಯಲ್ಲಿ ಸ್ಕುಟಾರಿಯ ಸಾವಿನ ಪ್ರಮಾಣ ನೂರಕ್ಕೆ 42 ದಾಟಿತ್ತು. ಹೆಚ್ಚಿನವರನ್ನು ಕೊಂದದ್ದು ಗುಂಡೇಟಲ್ಲ. ಭೇದಿ, ಕಾಲರಾ, ಟೈಫಸ್. ಕಟ್ಟಡದ ಕೆಳಗೆ ಚರಂಡಿಗಳು ಕಟ್ಟಿ ನಿಂತಿದ್ದವು. ಮಾರ್ಚ್‌ನಲ್ಲಿ ಸರ್ಕಾರದ ನೈರ್ಮಲ್ಯ ಆಯೋಗದವರು ಬಂದು ನೋಡಿದಾಗ ಕುಡಿಯುವ ನೀರಿನ ಕಾಲುವೆಯಲ್ಲಿ ಕುದುರೆಯ ಹೆಣ ಕೊಳೆಯುತ್ತಿತ್ತು. ಅವರು ಹೊಲಸು ಹೊರಿಸಿದರು, ಚರಂಡಿ ತೊಳೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರ ಆಗಸ್ಟ್‌ನಲ್ಲಿ ನೈಟಿಂಗೇಲ್ ಊರಿಗೆ ಮರಳಿದರು. ಮೆರವಣಿಗೆ, ಸನ್ಮಾನ ತಪ್ಪಿಸಿಕೊಳ್ಳಲು ಮಿಸ್ ಸ್ಮಿತ್ ಎಂದು ಹೆಸರು ಹೇಳಿಕೊಂಡು ಪ್ರಯಾಣ ಮಾಡಿದರು. ವಯಸ್ಸು ಮೂವತ್ತಾರು. ಹೆಸರು, ಕೀರ್ತಿ, ರಾಣಿಯ ಮನ್ನಣೆ ಎಲ್ಲವೂ ಬಂದಾಗಿತ್ತು. ನಾನು ನನ್ನ ಪಾಲಿನದು ಮಾಡಿದೆ ಎಂದು ಅವರು ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಬೆರಳೆತ್ತುತ್ತಿರಲಿಲ್ಲ. ಅವರು ಸತ್ತವರ ಲೆಕ್ಕ ಹಿಡಿದು ಕೂತರು. ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ತಿಂಗಳುಗಟ್ಟಲೆ ಪಟ್ಟಿಗಳನ್ನು ನೋಡಿದಾಗ, ತಮ್ಮ ಕಣ್ಣೆದುರು ಸತ್ತವರಲ್ಲಿ ಬಹುಪಾಲು ಜನ ಉಳಿಯಬಹುದಾಗಿತ್ತೆಂದು ಅವರಿಗೆ ತಿಳಿಯಿತು. ಅದು ಎದೆ ಸುಡುವ ಸತ್ಯ. ಅದನ್ನು ಮುಚ್ಚಿಡದೆ ಬಣ್ಣದ ಚಿತ್ರವಾಗಿ ಬಿಡಿಸಿ 1858ರಲ್ಲಿ ಅಧಿಕಾರದಲ್ಲಿದ್ದವರ ಮುಂದಿಟ್ಟರು. ತಡೆಯಬಹುದಾಗಿದ್ದ ರೋಗಗಳಿಂದ ಆದ ಸಾವು ನೀಲಿ ಬಣ್ಣದಲ್ಲಿ. ಗಾಯದಿಂದ ಆದ ಸಾವು ಕೆಂಪಿನಲ್ಲಿ. ನೀಲಿಯ ಹರವಿನ ಮುಂದೆ ಕೆಂಪು ಒಂದು ಎಳೆಯಷ್ಟು. ಓದು ಬಾರದವರಿಗೂ ಅದು ಅರ್ಥವಾಗುತ್ತದೆ. ಅವರ ಮರುದಿನ ಶುರುವಾದದ್ದು ಹೀಗೆ. ಅದು ಸುಮಾರು ನಲವತ್ತು ವರ್ಷ ನಡೆಯಿತು.

ಪ್ರಿಯರೇ, ಆ ವರ್ಷಗಳಲ್ಲಿ ಬಹುಕಾಲ ಅವರು ಆರೋಗ್ಯದಲ್ಲಿರಲಿಲ್ಲ. ಯುದ್ಧಭೂಮಿಯಲ್ಲಿ ಅಂಟಿದ ಜ್ವರದ ಬೇನೆ 1857ರಲ್ಲಿ ಅವರನ್ನು ಕೆಡವಿತು. ಆಮೇಲೆ ಬಹುಕಾಲ ಕೋಣೆಯೇ ಅವರ ಲೋಕ, ಹಾಸಿಗೆಯೇ ಮೇಜು. ವಾರ್ಡಿನಲ್ಲಿ ನಿಂತು ರೋಗಿಯ ಹಣೆ ಮುಟ್ಟುವ ಕೆಲಸಕ್ಕೆ ಅವರು ಮತ್ತೆ ಮರಳಲಿಲ್ಲ. ಮಲಗಿದಲ್ಲಿಂದಲೇ ಕಾಗದದ ಮೇಲೆ ಕಾಗದ ಬರೆದರು. 1859ರಲ್ಲಿ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಂಗಸರಿಗೆಂದೇ ಶುಶ್ರೂಷೆಯ ಪುಸ್ತಕ ಬರೆದರು. ಕಿಟಕಿ ತೆರೆಯುವುದರಿಂದ ಹಿಡಿದು ರೋಗಿಯ ಕಿವಿಗೆ ಬೀಳುವಂತೆ ಪಿಸುಗುಟ್ಟಬಾರದು ಎಂಬವರೆಗೆ ಅದರಲ್ಲಿ ಬುದ್ಧಿಮಾತಿದೆ. ಜನ ತಮ್ಮ ಗೌರವಾರ್ಥ ಕೂಡಿಸಿದ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಸಿದರು. ಲಿವರ್‌ಪೂಲ್‌ನ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ, ಹೆಂಡತಿಯ ಕಡೆಗಾಲದಲ್ಲಿ ನೋಡಿಕೊಂಡ ದಾದಿಯನ್ನು ಆಮೇಲೆ ಬಡವರ ಮನೆಗಳಿಗೆ ಕಳಿಸಲು ನೇಮಿಸಿಕೊಂಡಿದ್ದರು. ಅಂಥ ದಾದಿಯರು ಇನ್ನೂ ಬೇಕು, ಎಲ್ಲಿಂದ ತರಲಿ ಎಂದು ಅವರು ಕೇಳಿದಾಗ, ನಿಮ್ಮೂರಿನಲ್ಲೇ ತಯಾರು ಮಾಡಿ ಎಂದು ನೈಟಿಂಗೇಲ್ ದಾರಿ ತೋರಿಸಿದರು. ರೋಗಿ ಆಸ್ಪತ್ರೆಗೆ ಬರುವುದನ್ನು ಕಾಯದೆ ದಾದಿಯೇ ರೋಗಿಯ ಮನೆಗೆ ಹೋಗುವ ಸೇವೆ ಊರೂರಿಗೆ ಹಬ್ಬಿದ್ದು ಅಲ್ಲಿಂದ.

ನಮ್ಮ ದೇಶದ ಮಾತಿಗೆ ಬರೋಣ. ಅವರು ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಆದರೂ 1859ರಿಂದ ಸುಮಾರು ನಲವತ್ತು ವರ್ಷ ಭಾರತದ ನೀರು, ಚರಂಡಿ, ಬರಗಾಲಗಳ ಚಿಂತೆ ಹೊತ್ತರು. ಇಲ್ಲಿನ ಇಂಗ್ಲಿಷ್ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಪ್ರತಿ ದಂಡಿನ ಠಾಣ್ಯಕ್ಕೂ ಪ್ರಶ್ನಾವಳಿ ಕಳಿಸಿ, ನಿಮ್ಮ ನೀರು ಎಲ್ಲಿಂದ ಬರುತ್ತದೆ, ಹೊಲಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಬಂದ ಉತ್ತರಗಳನ್ನೆಲ್ಲ ಓದಿ 1863ರಲ್ಲಿ ವರದಿ ಬರೆದರು. ಅದರಲ್ಲಿ ನಮ್ಮ ಬೆಂಗಳೂರೂ ಇದೆ: ಕುಡಿಯುವ ನೀರಿನ ಹಲಸೂರು ಕೆರೆಗೆ ದಂಡಿನ ಬಜಾರಿನ ಕೊಳಚೆ ಬಂದು ಸೇರುತ್ತದೆಂದು ಲಂಡನ್ನಿನ ಕೋಣೆಯಲ್ಲಿ ಕೂತ ಆ ರೋಗಿಷ್ಟ ಹೆಂಗಸು ಬರೆದರು. ಹತ್ತು ವರ್ಷದ ಮೇಲೆ ಸಾವಿನ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿದಿದೆಯೆಂದು ಅವರೇ ಲೆಕ್ಕ ಕೊಟ್ಟರು. ಸಿಪಾಯಿಗಳಿಂದ ಶುರುವಾದ ಕಾಳಜಿ ರೈತರ ಕಡೆಗೆ ತಿರುಗಿತು. 1876ರಿಂದ 78ರವರೆಗೆ ಮದ್ರಾಸ್ ಮತ್ತು ಮೈಸೂರು ಸೀಮೆಗಳನ್ನು ಬಲಿ ತೆಗೆದುಕೊಂಡ ಮಹಾ ಬರ ಅವರನ್ನು ಅಲ್ಲಾಡಿಸಿತು. ನೀರಾವರಿ ಬೇಕು, ಸಾಹುಕಾರರ ಸಾಲದಿಂದ ರೈತನಿಗೆ ಬಿಡುಗಡೆ ಬೇಕು ಎಂದು ಇಂಗ್ಲೆಂಡಿನ ಓದುಗರ ಮುಂದೆ ವಾದಿಸಿದರು. 1894ರಲ್ಲಿ ಭಾರತದ ಹಳ್ಳಿಗಳ ನೈರ್ಮಲ್ಯದ ಮೇಲೆ ಪ್ರಬಂಧ ಬರೆದಾಗ ಅವರ ವಯಸ್ಸು ಎಪ್ಪತ್ತನಾಲ್ಕು. ಅದಕ್ಕೆ ಸ್ವಲ್ಪ ಮುಂಚೆ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಹೆಂಗಸರನ್ನು ತಯಾರು ಮಾಡುವ ಯೋಜನೆಗೂ ಕೈ ಹಾಕಿದ್ದರು.

ಅವರನ್ನು ನಾನು ಪೀಠದ ಮೇಲೆ ಕೂರಿಸುತ್ತಿಲ್ಲ. ಜೊತೆಗೆ ದುಡಿದವರ ಮೇಲೆ ಕಠಿಣವಾಗಿದ್ದರು, ಮಾತು ಹರಿತ. ರೋಗಾಣುಗಳ ಹೊಸ ಶಾಸ್ತ್ರವನ್ನು ಒಪ್ಪಲು ತಡಮಾಡಿದರು. ದೇವರು ತನ್ನ ಕೆಲಸಕ್ಕೆ ಕುಂದಿಲ್ಲದವರನ್ನು ಹುಡುಕುತ್ತಾ ಕೂತಿದ್ದರೆ ಮೋಶೆಯೂ ಸಿಗುತ್ತಿರಲಿಲ್ಲ, ಪೇತ್ರನೂ ಸಿಗುತ್ತಿರಲಿಲ್ಲ. ಹಿಡಿದ ಕೆಲಸವನ್ನು ಬಿಡದವರು ಸಿಕ್ಕರೆ ಅವರ ಕೈಯಿಂದ ಆತನು ಮಾಡಿಸಿಕೊಳ್ಳುತ್ತಾನೆ.

1907ರಲ್ಲಿ ಇಂಗ್ಲೆಂಡಿನ ಅರಸ ಆರ್ಡರ್ ಆಫ್ ಮೆರಿಟ್ ಗೌರವ ಕೊಟ್ಟಾಗ, ಅದನ್ನು ಪಡೆದ ಮೊದಲ ಹೆಂಗಸು ಅವರೇ ಆದರು. ಅಷ್ಟು ಹೊತ್ತಿಗೆ ಕಣ್ಣು ಹೋಗಿತ್ತು, ನೆನಪು ಮಸುಕಾಗಿತ್ತು. 1910ರ ಆಗಸ್ಟ್ 13ರಂದು ತೀರಿಕೊಂಡರು. ಅರಸರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಜಾಗ ಕೊಡುವ ಮಾತು ಬಂದಾಗ ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೊ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮನೆಯವರ ಸಾಲಿನಲ್ಲೇ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರ ಪೂರ್ತಿ ಹೆಸರಿಲ್ಲ. ಎಫ್.ಎನ್. ಎಂಬ ಎರಡು ಅಕ್ಷರ, ಹುಟ್ಟು ಸಾವಿನ ಕಾಲ.

ಈಗ ಸಮಾರ್ಯದವನ ಕಡೆಗೆ ತಿರುಗಿ ನೋಡಿ. ಅವನು ದಾರಿಯಲ್ಲಿ ಬಟ್ಟೆ ಕಟ್ಟಿದ್ದು ಕನಿಕರ. ಛತ್ರದವನಿಗೆ ಹಣ ಕೊಟ್ಟದ್ದು ಏರ್ಪಾಟು. ತಿರುಗಿ ಬರುತ್ತೇನೆಂದದ್ದು ಹೊಣೆ. ಮೂರೂ ಸೇರಿದಾಗಲೇ ಕರ್ತನು ಅದನ್ನು ನೆರೆಯವನ ಪ್ರೀತಿಯೆಂದು ತೋರಿಸಿ, ಹೋಗಿ ನೀನೂ ಹಾಗೆಯೇ ಮಾಡು ಎಂದು ಆಜ್ಞಾಪಿಸಿದನು. ಕನಿಕರವೊಂದೇ ಸಾಕೆಂದು ನಾವು ಬಗೆಯುವುದು ಬಿತ್ತಿ ಬಂದವನು ಕಳೆ ಕೀಳುವುದಕ್ಕೆ ಹೊಲದ ಕಡೆ ತಲೆ ಹಾಕದ ಹಾಗೆ. ನೈಟಿಂಗೇಲ್ ದೀಪ ಹಿಡಿದದ್ದು ಕನಿಕರದಿಂದ. ಶಾಲೆ ತೆರೆಸಿದ್ದು ಏರ್ಪಾಟು. ಕಣ್ಣಿಗೆ ಕಾಣದ ಹಲಸೂರು ಕೆರೆಯ ನೀರಿನ ಬಗ್ಗೆ ನಿದ್ದೆಗೆಟ್ಟದ್ದು ಹೊಣೆ.

ಇಂಥ ಛತ್ರಗಳು ನಮ್ಮ ನಾಡಿನಲ್ಲೂ ಎದ್ದಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾಸನದ ರೆಡ್‌ಫರ್ನ್ ಆಸ್ಪತ್ರೆ ಜನರ ಬಾಯಲ್ಲಿ ಇವತ್ತಿಗೂ ಮಿಷನ್ ಆಸ್ಪತ್ರೆಗಳೇ. ಅಲ್ಲಿ ಹೆರಿಗೆಯಾದ ತಾಯಂದಿರಲ್ಲಿ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ಇದ್ದಾರೆ. ಯಾರೋ ಎರಡು ನಾಣ್ಯ ಕೊಟ್ಟರು, ಯಾರೋ ರಾತ್ರಿ ಪಾಳಿ ಮಾಡಿದರು, ಅದರಿಂದ ಆ ಬಾಗಿಲುಗಳು ತೆರೆದಿದ್ದವು.

ಈ ಸಭೆಯಲ್ಲಿ ಕೂತಿರುವ ದಾದಿಯರೇ, ನಿವೃತ್ತರಾದವರೇ, ಎ.ಎನ್.ಎಂ. ತಾಯಂದಿರೇ, ಆಶಾ ಕಾರ್ಯಕರ್ತೆಯರೇ, ನಿಮಗೆ ನಾನು ಹೊಸದಾಗಿ ಕಲಿಸುವುದೇನೂ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಯಾವಾಗ ಹೋಗಬೇಕೆಂದು ನಿಯಮವಿದೆ: ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ. ಮಗುವನ್ನು ತೂಕ ಹಾಕಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ನೋಡಬೇಕು, ಹಾಲು ಕುಡಿಯುತ್ತಿದೆಯೇ ಎಂದು ಕೇಳಬೇಕು. ನಾಮಕರಣದ ಊಟಕ್ಕೆ ಬಂದವರೆಲ್ಲ ಮನೆಗೆ ಹೋದ ಮೇಲೂ, ಬಿಸಿಲಿನಲ್ಲಿ ಕೈಚೀಲ ಹಿಡಿದು ನಲವತ್ತೆರಡನೇ ದಿನ ಬಾಗಿಲು ತಟ್ಟುವವಳು ಸುವಾರ್ತೆಯ ಆ ಮರುದಿನದ ಬೆಳಗನ್ನು ಬದುಕಿ ತೋರಿಸುತ್ತಿದ್ದಾಳೆ. ಕ್ಷಯದ ಮಾತ್ರೆ ಆರು ತಿಂಗಳು ನುಂಗಬೇಕಾದವನು ಎರಡೇ ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟಾಗ, ಅವನನ್ನು ಹುಡುಕಿಕೊಂಡು ಹೋಗಿ ಬೈದು ನುಂಗಿಸುವವಳೂ ಅಷ್ಟೇ. ನಿಮಗೆ ಗೌರವಧನ ಸಾಲದು, ಹೊತ್ತಿಗೆ ಬರುವುದಿಲ್ಲ ಎಂಬುದು ಈ ಸಭೆಗೆ ಗೊತ್ತಿರಬೇಕು. ಹೂಗುಚ್ಛ ಕೊಟ್ಟು ಕಳಿಸಿದರೆ ನಮ್ಮ ಋಣ ತೀರುವುದಿಲ್ಲ. ನಿಮ್ಮ ನ್ಯಾಯವಾದ ಕೇಳಿಕೆಯ ಜೊತೆ ನಾವು ನಿಲ್ಲಬೇಕು.

ಹಾಸಿಗೆ ಹಿಡಿದ ಹಿರಿಯರಿಗೂ ಒಂದು ಮಾತು. ಈ ಉಪದೇಶದ ಪ್ರತಿಯನ್ನು ನಿಮ್ಮ ಮನೆಗಳಿಗೂ ತಲುಪಿಸುತ್ತಿದ್ದೇವೆ. ಯಾರಿಗೂ ಉಪಯೋಗವಿಲ್ಲದೆ ಬಿದ್ದಿದ್ದೇನೆ ಎಂದು ನೀವು ಕೊರಗುವುದನ್ನು ಕೇಳಿದ್ದೇನೆ. ನೈಟಿಂಗೇಲ್ ಅವರ ದೊಡ್ಡ ಕೆಲಸದಲ್ಲಿ ಬಹುಪಾಲು ಮಲಗಿದಲ್ಲಿಂದ ಆಯಿತು. ನಿಮ್ಮ ಹತ್ತಿರ ಫೋನಿದೆ. ದಿನಕ್ಕೆ ಒಬ್ಬರಿಗೆ ಫೋನ್ ಮಾಡಿ, ಹೇಗಿದ್ದೀಯಮ್ಮ ಎಂದು ಕೇಳಿ, ಅವರ ಹೆಸರು ಹಿಡಿದು ಪ್ರಾರ್ಥಿಸಿ. ಅದು ಸೇವೆಯೇ.

ಉಳಿದ ನಮಗೆಲ್ಲ ಮೂರು ಕೆಲಸ. ಮೊದಲನೆಯದು, ಕಳೆದ ತಿಂಗಳು ಯಾರನ್ನು ಆಸ್ಪತ್ರೆಯಲ್ಲಿ ನೋಡಿ ಬಂದಿರೋ ಅವರ ಮನೆಗೆ ಈ ವಾರ ಹೋಗಿ. ಹಣ್ಣು ಬೇಡ. ಎರಡು ಗಂಟೆ ರೋಗಿಯ ಹತ್ತಿರ ನೀವು ಕೂತು, ನೋಡಿಕೊಳ್ಳುವವಳನ್ನು ಮಲಗಲು ಕಳಿಸಿ. ಎರಡನೆಯದು, ನಿಮ್ಮ ಬೀದಿಯ ಚರಂಡಿ ಕಟ್ಟಿದ್ದರೆ, ನಲ್ಲಿಯ ನೀರು ವಾಸನೆ ಬರುತ್ತಿದ್ದರೆ, ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡಿ. ಕೊಟ್ಟು ಸುಮ್ಮನಾಗಬೇಡಿ, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳಿ. ಅದೂ ರೋಗಿಯ ಸೇವೆಯೇ. ಆ ರೋಗಿ ಇನ್ನೂ ಹಾಸಿಗೆ ಹಿಡಿದಿಲ್ಲ, ಅಷ್ಟೇ. ಮೂರನೆಯದು, ಮನೆಯಲ್ಲಿ ಮಗಳೋ ಮಗನೋ ನರ್ಸಿಂಗ್ ಓದುತ್ತೇನೆಂದರೆ, ಡಾಕ್ಟರ್ ಸೀಟು ಸಿಗಲಿಲ್ಲವೇ ಎಂದು ಕೇಳುವ ನಾಲಿಗೆಯನ್ನು ಹಿಡಿದುಕೊಳ್ಳಿ. ದೇವರು ಆ ಮಗುವನ್ನು ಕರೆದಿರಬಹುದು.

ಪ್ರಾರ್ಥಿಸೋಣ.

ಕರುಣೆಯುಳ್ಳ ತಂದೆಯೇ, ಬಿದ್ದವರನ್ನು ಕಂಡು ಮರುಗುವ ಮನಸ್ಸನ್ನು ನಮಗೆ ಕೊಟ್ಟಿದ್ದೀ. ಆ ಮರುಕ ಬೇಗ ಆರಿಹೋಗದಂತೆ ಕಾಪಾಡು. ಈ ರಾತ್ರಿ ಪಾಳಿಗೆ ಹೋಗುವ ದಾದಿಯರ ಕಾಲಿಗೆ ಬಲ ಕೊಡು, ಅವರ ಮನೆಯ ಮಕ್ಕಳನ್ನು ನೋಡಿಕೊ. ವರ್ಷಗಟ್ಟಲೆ ರೋಗಿಯ ಮಗ್ಗುಲಲ್ಲಿ ಕೂತು ಸೋತವರ ಬಳಿಗೆ ನಮ್ಮನ್ನೇ ಕಳಿಸು, ಹೋಗುವುದಕ್ಕೆ ನಮಗೆ ಬಿಡುವು ಮಾಡಿಕೊಡು. ಮತ್ತೆ ಬರುತ್ತೇನೆಂದು ಕೊಟ್ಟ ಮಾತನ್ನು ತಪ್ಪದ ನಿನ್ನ ಮಗನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.